ತೀರ್ಥಕ್ಕೆ ಹೋಗಬೇಡಿ ಅನ್ನಲು ಸರ್ಕಾರಕ್ಕೆ ಹಕ್ಕಿದೆಯಾ?

ಕಾಫಿತೋಟದಾಕೆ, ನಾಪೋಕ್ಲು
ತಲಕಾವೇರಿಯಲ್ಲಿ ತೀರ್ಥ ಉಕ್ಕುವ ತುಲಾ ಸಂಕ್ರಮಣ ಹತ್ತಿರ ಬಂದರೆ ನಮ್ಮನೆಯಲ್ಲಿ ಅದೇ ಜಗಳ. ನಮ್ಮ ಮಾವ ಪ್ರತಿ ವರ್ಷ ಭಾಗಮಂಡಲದಲ್ಲಿ ಮುಳುಗೆದ್ದು, ತಲಕಾವೇರಿಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ತೀರ್ಥ ತರುತ್ತಿದ್ದರು. 2020ರಲ್ಲಿ ಹಾಸಿಗೆ ಹಿಡಿದಿದ್ದರು. ಕೊರೊನಾ, ನಿರ್ಬಂಧ ಅಂತ ನಾವೂ ಹೋಗಲಿಲ್ಲ. ಸಂಕ್ರಮಣದ ಮರುದಿನ ಬೆಳಿಗ್ಗೆ ಕಣಿ ಪೂಜೆಗೆ ಸೌತೆಕಾಯಿಯನ್ನೇ ಕಾವೇರಮ್ಮ ಅಂತ ಇಟ್ಟು, ಕೆಂಪು ರೇಷ್ಮೆ ಸುತ್ತಿ ನಮ್ಮ ಪತ್ತಾಕ್ ಸರ ಹಾಕಿದೆವು. ಪಕ್ಕದಲ್ಲಿ ಚೊಂಬು ಮಾತ್ರ ಖಾಲಿ. ಮಾವ ಅದನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಹುತ್ತರಿ ಸುಗ್ಗಿ ಹಬ್ಬ ಮುಗಿಯುತ್ತಿದ್ದಂತೆ ತೀರಿಕೊಂಡರು. ಬಾಯಿಗೆ ಬಿಟ್ಟದ್ದು ಹಿಂದಿನ ವರ್ಷದ ಬಾಟಲಿಯ ತಳದಲ್ಲಿ ಉಳಿದಿದ್ದ ತೀರ್ಥ.

ಕಾವೇರಮ್ಮನ ಹತ್ತಿರ ಹೋಗೋಕೆ ಸರ್ಕಾರದ ಪರ್ಮಿಷನ್ ಯಾಕೆ ಅಂತ ಯಜಮಾನರಿಗೆ ಇವತ್ತಿಗೂ ಸಿಟ್ಟು. ಆ ಗುಂಪಿನಿಂದ ರೋಗ ತಂದು ಮಾವನಿಗೇ ಅಂಟಿಸಿದ್ದರೆ ಅನ್ನೋದು ನನ್ನ ಮಾತು. ಕಾನೂನು ಗೊತ್ತಿರುವವರು ಹೇಳಿ.

ಕೋರ್ಟು ಗುಮಾಸ್ತ, ಮಡಿಕೇರಿ
ಹಕ್ಕಿದೆ ಅಕ್ಕ. ಧರ್ಮದ ಹಕ್ಕು ಕೊಡುವ ಸಂವಿಧಾನದ 25ನೇ ವಿಧಿ ಶುರುವಾಗೋದೇ ಷರತ್ತಿನಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ. ಇವಕ್ಕೆ ಒಳಪಟ್ಟೇ ಹಕ್ಕು. ಕೊರೊನಾ ಶುರುವಾದಾಗ ಬಳಸಿದ್ದು 1897ರ ಸಾಂಕ್ರಾಮಿಕ ರೋಗ ಕಾಯ್ದೆ ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆ. 1897ರದ್ದು ಬ್ರಿಟಿಷರು ಬೊಂಬಾಯಿ ಪ್ಲೇಗಿಗೆ ಅವಸರದಲ್ಲಿ ಮಾಡಿದ್ದು, ಮೊದಲು ಇದ್ದದ್ದು ನಾಲ್ಕೇ ಸೆಕ್ಷನ್. ಆದರೆ ಹಕ್ಕಿದೆ ಅಂತ ಮನಸ್ಸಿಗೆ ಬಂದಂತೆ ತಡೆಯುವ ಹಾಗಿಲ್ಲ. ಕಾರಣ ಬೇಕು, ಎಲ್ಲರಿಗೂ ಒಂದೇ ಅಳತೆ ಬೇಕು.

ಎಮ್ಮೆಮಾಡು ಹುಡುಗ
ಒಂದೇ ಅಳತೆಯಾ ಸರ್? 2020ರ ಮೇ 4ಕ್ಕೆ ವೈನ್ ಶಾಪ್ ತೆಗೆದರು. ದೇವಸ್ಥಾನ, ಮಸೀದಿ, ಚರ್ಚಿನ ಬಾಗಿಲು ತೆಗೆಯೋಕೆ ಜೂನ್ 8 ಆಗಬೇಕಾಯಿತು. ಆ ವರ್ಷ ರಂಜಾನ್ ಇಡೀ ತಿಂಗಳು ಲಾಕ್‌ಡೌನ್‌ನಲ್ಲೇ ಹೋಯಿತು. ಈದ್ ದಿನ ಅಪ್ಪ, ನಾನು, ತಮ್ಮ ಮೂವರೇ ಕಾಫಿ ಕಣದಲ್ಲಿ ಚಾಪೆ ಹಾಕಿ ನಮಾಜ್ ಮಾಡಿದೆವು. ಮನೆಯಲ್ಲಿರಿ ಅಂದದ್ದಕ್ಕೆ ಬೇಜಾರಿಲ್ಲ. ಬಾಟಲಿಗೆ ಕ್ಯೂ ನಿಂತವರನ್ನು ನೋಡಿದಾಗ ಉರಿಯಿತು.

ಆಶಾ ಕಾರ್ಯಕರ್ತೆ, ವಿರಾಜಪೇಟೆ ಕಡೆ
ಉರಿದದ್ದು ಸರಿಯೇ ತಮ್ಮ. ಆದರೆ ತಲಕಾವೇರಿಯಲ್ಲಿ ತೀರ್ಥ ಬರುವ ಆ ಕುಂಡಿಕೆ ಎಷ್ಟು ಚಿಕ್ಕದು ಅಂತ ನೋಡಿದ್ದೀರಲ್ವಾ? ತೀರ್ಥ ಉಕ್ಕುವ ಹೊತ್ತಿಗೆ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರ ಕೈ, ಮುಖಕ್ಕೆ ಮುಖ. ಅಲ್ಲಿ ಆರಡಿ ಅಂತರ ಯಾರಿಗೆ ಹೇಳೋದು? ನನ್ನ ತಕರಾರು ಬೇರೆ. ಬರಬೇಡಿ ಅಂದವರೇ ಹಾಸಿಗೆ ಹಿಡಿದವರ ಮನೆಗೆ ತೀರ್ಥ ಮುಟ್ಟಿಸಬೇಕಿತ್ತು. ನಾವು ಮಾತ್ರೆ ಹಿಡಿದು ಮನೆಮನೆಗೆ ಹೋಗುತ್ತಲೇ ಇದ್ದೆವು. ಚೀಲದಲ್ಲಿ ಒಂದು ಬಾಟಲಿಗೆ ಜಾಗ ಇರಲಿಲ್ವಾ? ಯಾರೂ ಕೇಳಲೇ ಇಲ್ಲ.

ಕಾಫಿತೋಟದಾಕೆ, ನಾಪೋಕ್ಲು
ಯಜಮಾನರಿಗೆ ಎಲ್ಲ ಓದಿ ಹೇಳಿದೆ. ಕಾನೂನಿಗೆ ಮುಖ ಸಿಂಡರಿಸಿದರು. ವೈನ್ ಶಾಪ್ ಮಾತಿಗೆ ತೊಡೆ ತಟ್ಟಿ ಹೌದೌದು ಅಂದರು. ಆಶಾ ಅಕ್ಕ, ನಿಮ್ಮ ಮಾತಿಗೆ ಸುಮ್ನೆ ಎದ್ದು ಹೋದರು. ಈಗ ನೋಡಿದರೆ ಹಿತ್ತಲಲ್ಲಿ ಹುಣಸೆಹಣ್ಣು ಹಾಕಿ ಚೊಂಬು ಉಜ್ಜುತ್ತಿದ್ದಾರೆ.