ಪದಚರ್ಚೆ: ಮೇಸನ್ ಲಾಡ್ಜಿನ ಹುದ್ದೆಗಳಿಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಗೆಳೆಯರೊಬ್ಬರು ತಮ್ಮ ಅಜ್ಜನ ನೆನಪಿಗೆ ಪುಸ್ತಕ ತರುತ್ತಿದ್ದಾರೆ. ಮನೆಮಂದಿಗೆ, ಬೀಗರಿಗೆ ಹಂಚುವಂಥದು. ಆದರೂ ಕನ್ನಡ ಅಚ್ಚುಕಟ್ಟಾಗಿರಬೇಕು ಅಂತ ಅವರ ಹಟ. ಅಜ್ಜ ರೈಲ್ವೆ ನೌಕರಿಯಲ್ಲಿದ್ದವರು. ನಮ್ಮ ಕಡೆಯದೇ ಒಂದು ಫ್ರೀಮೇಸನ್ ಲಾಡ್ಜಿನ ಸದಸ್ಯರಾಗಿದ್ದರು, ಒಂದು ವರ್ಷ ಅದರ ಮುಖ್ಯಸ್ಥರೂ ಆಗಿದ್ದರು. ಫ್ರೀಮೇಸನ್ನರು ಅಂದರೆ ಕಲ್ಲುಕೆಲಸದವರ ಸಲಕರಣೆ, ಮೆಟ್ಟಿಲುಗಳನ್ನು ಸಂಕೇತವಾಗಿ ಇಟ್ಟುಕೊಂಡ ಒಂದು ಸೋದರಸಂಘದವರು, ಲಾಡ್ಜ್ ಅಂದರೆ ಅದರ ಊರಿನ ಶಾಖೆ. ಆ ವರ್ಷದ ಆಮಂತ್ರಣ ಪತ್ರಿಕೆ, ಅಲ್ಲಿಯವರೆಗಿನ ಮುಖ್ಯಸ್ಥರ ಹೆಸರಿನ ಯಾದಿ, ಲಾಡ್ಜಿನ ಚಿಕ್ಕ ಇತಿಹಾಸ, ಎಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಇತಿಹಾಸದ ಭಾಗಕ್ಕೆ ತೊಡಕಿಲ್ಲ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ತಮ್ಮ ಮೇಲಿನ ಸಂಸ್ಥೆಯಾಗಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡದ್ದು, 1730ರ ಹೊತ್ತಿಗೆ ಕಲಕತ್ತೆಗೆ ಬಂದದ್ದು, ಆಮೇಲೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳ ಕೈಕೆಳಗೆ ಊರೂರಿಗೆ ಹಬ್ಬಿದ್ದು, 1961ರ ನವೆಂಬರ್ 24ರಂದು ದಿಲ್ಲಿಯಲ್ಲಿ ಭಾರತದ್ದೇ ಗ್ರ್ಯಾಂಡ್ ಲಾಡ್ಜ್ ಹುಟ್ಟಿ ರಾಮಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ಆದದ್ದು. ಇದನ್ನೆಲ್ಲ ಸರಳವಾಗಿ ಬರೆದುಬಿಡಬಹುದು. ಲಾಡ್ಜ್ ನಡೆಸಲು ಮೇಲಿನವರು ಕೊಡುವ ವಾರಂಟಿಗಂತೂ ನಮ್ಮ ‘ಸನದು’ ಹೇಳಿ ಮಾಡಿಸಿದ ಹಾಗಿದೆ. ಪೇಚಾಟ ಇರುವುದು ಹುದ್ದೆಗಳ ಹೆಸರಿನಲ್ಲಿ.

ಮೊದಲು ‘ಲಾಡ್ಜ್’. ಹುಬ್ಬಳ್ಳಿಯಲ್ಲಿ ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡಿನ ಎದುರಿಗೆ, ಸ್ಟೇಶನ್ ರೋಡಿನಲ್ಲಿ ಖೋಲಿ ಬಾಡಿಗೆಗೆ ಕೊಡುವ ಜಾಗ. “ಅಜ್ಜ ತಿಂಗಳಾ ತಪ್ಪದೆ ಲಾಡ್ಜಿಗೆ ಹೋಗುತ್ತಿದ್ದರು” ಅಂತ ಅಚ್ಚು ಹಾಕಿಸಿದರೆ ಬೀಗರು ಏನು ತಿಳಿದುಕೊಂಡಾರು? ಇಂಗ್ಲಿಷಿನಲ್ಲಿ ಈ ಮಾತಿನ ಹಿಂದಿರುವುದು ಕಲ್ಲುಕೆಲಸದವರ ಚಪ್ಪರ. ದೊಡ್ಡ ಚರ್ಚು ಕಟ್ಟುವಾಗ ಗೋಡೆಗೆ ಆನಿಸಿ ಒಂದು ತಾತ್ಪೂರ್ತಿಕ ಶೆಡ್ಡು ಹಾಕಿಕೊಂಡು ಅಲ್ಲೇ ಕಲ್ಲು ಕೆತ್ತುವುದು, ಅಲ್ಲೇ ಉಣ್ಣುವುದು, ಅಲ್ಲೇ ಹೊಸಬರಿಗೆ ಕೆಲಸ ಕಲಿಸುವುದು. ಅದಕ್ಕೆ ‘ಬಿಡಾರ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಕೆಲಸದ ವಾಸನೆ ಇಲ್ಲ. ‘ಕಮ್ಮಟ’ ಮನಸ್ಸಿಗೆ ಬಂತು. ಲಕ್ಕುಂಡಿಯಲ್ಲಿ ನಾಣ್ಯ ಟಂಕಿಸುತ್ತಿದ್ದ ಕಾಲದ ಶಬ್ದ ಅದು. ಈಗ ಅದನ್ನು ಕಾವ್ಯ ಕಮ್ಮಟ, ಕಥಾ ಕಮ್ಮಟದವರು ಒಯ್ದುಬಿಟ್ಟಿದ್ದಾರೆ. ಸದ್ಯಕ್ಕೆ ‘ಮೇಸನ್ ಲಾಡ್ಜ್’ ಅಂತ ಎರಡನ್ನೂ ಜೋಡಿಸಿಯೇ ಬರೆಯುತ್ತಿದ್ದೇನೆ, ಬಿಡಿಯಾಗಿ ಎಲ್ಲೂ ಬಿಟ್ಟಿಲ್ಲ.

‘ಫ್ರೀಮೇಸನ್’ ಅನ್ನು ‘ಸ್ವತಂತ್ರ ಗೌಂಡಿ’ ಮಾಡಿದ ಅನುವಾದವೊಂದನ್ನು ನೋಡಿದ್ದೇನೆ, ನಗು ತಡೆಯಲಾಗಲಿಲ್ಲ. ಆ ‘ಫ್ರೀ’ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಅವರಲ್ಲೇ ಒಮ್ಮತವಿಲ್ಲ. ಒಂದು ವಾದ, ಅದು ಕಲ್ಲಿನ ಗುಣ: ಯಾವ ದಿಕ್ಕಿಗೆ ಉಳಿ ಹೊಡೆದರೂ ಸೀಳದೆ ನಯವಾಗಿ ಬರುವ ಕಲ್ಲಿಗೆ ಅಲ್ಲಿ ಫ್ರೀಸ್ಟೋನ್ ಅನ್ನುತ್ತಾರೆ, ಅದನ್ನು ಕೆತ್ತುವವ ಫ್ರೀಮೇಸನ್. ಈ ವಾದ ನಮ್ಮವರಿಗೆ ಬೇಗ ಹಿಡಿಸೀತು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಗಳ ಬಾಗಿಲವಾಡ ನೋಡಿದವರಿಗೆ ಬಳಪದ ಕಲ್ಲು ಉಳಿಗೆ ಹೇಗೆ ಒಲಿಯುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಹಾಗಂತ ಅಜ್ಜನನ್ನು ‘ಬಳಪಗಲ್ಲಿನ ರೂವಾರಿ’ ಅನ್ನಲಿಕ್ಕಾಗದು. ಆತ ಜೀವಮಾನದಲ್ಲಿ ಕರಣಿ ಮುಟ್ಟಿದವರಲ್ಲ. ಫ್ರೀಮೇಸನ್ ಹಾಗೇ ಇರಲಿ.

ಸದಸ್ಯರ ಮೂರು ಮೆಟ್ಟಿಲುಗಳ ವಿಷಯಕ್ಕೆ ಬರುತ್ತೇನೆ: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ವಿದ್ಯಾನಗರದಲ್ಲಿ ಮನೆ ಕಟ್ಟುತ್ತಿರುವ ಯಾವ ಜಾಗಕ್ಕೆ ಹೋದರೂ ಈ ಮೂವರು ಸಿಗುತ್ತಾರೆ: ಕೈಯಾಳು, ಗೌಂಡಿ, ಮೇಸ್ತ್ರಿ. ಇಷ್ಟು ಸಲೀಸಾಗಿ ಕೂಡಿಬಂದದ್ದು ಇಡೀ ಕಾಗದಪತ್ರದಲ್ಲಿ ಮತ್ತೊಂದಿಲ್ಲ. ‘ಮೇಸ್ತ್ರಿ’ಯೂ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದದ್ದು, ಅಂದರೆ ‘ಮಾಸ್ಟರ್’ನ ದಾಯಾದಿ. ಗೆಳೆಯರು ಮಾತ್ರ ಒಪ್ಪುತ್ತಿಲ್ಲ. “ನಮ್ಮಜ್ಜನ ದೀಕ್ಷಾ ಆದ ದಿನ ಅವರು ಕೈಯಾಳು ಆದರು ಅಂತ ಬರೀತೀರೇನ್ರೀ?” ಅಂದರು. ಇಂಗ್ಲಿಷಿನ ಅಪ್ರೆಂಟಿಸ್ ಏನು ಮೇಲಿನವನೇ? ಕೆಳಗಿನಿಂದ ಶುರು ಮಾಡಿದೆ ಅಂತ ಹೇಳಿಕೊಳ್ಳುವುದೇ ಆ ವಿಧಿಯ ಹುರುಳು. ನಾನು ನನ್ನ ಪಟ್ಟು ಬಿಟ್ಟಿಲ್ಲ.

ನಿಜವಾದ ಗಂಟು ಮುಖ್ಯಸ್ಥರ ಬಿರುದಿನಲ್ಲಿದೆ: ‘ವರ್ಶಿಪ್‌ಫುಲ್ ಮಾಸ್ಟರ್’. ಯಾದಿಯಲ್ಲಿ ಪ್ರತಿ ಹೆಸರಿನ ಹಿಂದೆ ‘ಡಬ್ಲ್ಯು. ಬ್ರೋ.’ ಅಂತಿದೆ, ಅಂದರೆ ವರ್ಶಿಪ್‌ಫುಲ್ ಬ್ರದರ್. ಗೆಳೆಯರ ಮಗ ಅದನ್ನು ‘ಪೂಜ್ಯ ಬ್ರೋ’ ಮಾಡಿ ಮನೆಯವರನ್ನೆಲ್ಲ ನಗಿಸಿದ. ನಗೆ ಬದಿಗಿಟ್ಟು ನೋಡಿದರೂ ‘ಪೂಜ್ಯ’ ನಡೆಯುವುದಿಲ್ಲ. ನಮ್ಮಲ್ಲಿ ಪೂಜ್ಯರು ಅಂದರೆ ಮಠದ ಸ್ವಾಮಿಗಳು. ಇಂಗ್ಲಿಷಿನ ಈ ‘ವರ್ಶಿಪ್‌ಫುಲ್’ಗೂ ಪೂಜೆಗೂ ಸಂಬಂಧವಿಲ್ಲ, ಯೋಗ್ಯತೆ, ಮಾನ ಅನ್ನುವ ಹಳೆಯ ಅರ್ಥ ಅದು, ಅಲ್ಲಿ ಮೇಯರಿಗೂ ಮ್ಯಾಜಿಸ್ಟ್ರೇಟರಿಗೂ ಹಚ್ಚುತ್ತಿದ್ದ ವಿಶೇಷಣ. ಸಾಲದ್ದಕ್ಕೆ ‘ಪೂಜ್ಯ’ಕ್ಕೆ ಸೊನ್ನೆ ಅನ್ನುವ ಅರ್ಥವೂ ಇದೆ, “ಬುದ್ಧಿ ಪೂಜ್ಯ” ಅನ್ನುತ್ತೇವಲ್ಲ ಹಾಗೆ.

ನನಗೆ ಹೊಳೆದದ್ದು ‘ರಾ. ರಾ.’ ಧಾರವಾಡದ ಕಡೆಯ ಹಳೆಯ ಕಾಗದ, ಲಗ್ನಪತ್ರಿಕೆಗಳಲ್ಲಿ ‘ರಾಜಮಾನ್ಯ ರಾಜಶ್ರೀ’ ಅಂತ ಹೆಸರಿನ ಹಿಂದೆ ಬರುತ್ತಿತ್ತು. ಲೌಕಿಕ ಮಾನಸ್ಥರಿಗೆ ಅದು, ವೈದಿಕರಿಗೆ ವೇ. ಮೂ. (ವೇದಮೂರ್ತಿ), ಸ್ವಾಮಿಗಳಿಗೆ ಬೇರೆಯೇ ಬಿರುದು. ಕಾಲವೂ ಕೂಡಿಬರುತ್ತದೆ, ಗತ್ತೂ ಕೂಡಿಬರುತ್ತದೆ, ಎರಡಕ್ಷರದ ಸಂಕ್ಷೇಪ ಕೂಡ. ಈಗಿನ ಓದುಗರಿಗೆ ತಿಳಿದೀತೇ ಅನ್ನುವುದಷ್ಟೇ ಅಳುಕು.

‘ಮಾಸ್ಟರ್’ಗೆ ‘ಅಧ್ಯಕ್ಷ’ ಸಾಕು ಅನ್ನುವವರಿದ್ದಾರೆ, ಪತ್ರಿಕೆಯವರು ರೋಟರಿ, ಲಯನ್ಸ್ ಪದಗ್ರಹಣಕ್ಕೆ ಹಾಗೇ ಬರೆಯುತ್ತಾರೆ. ಸಾಲದು. ಸಭೆ ನಡೆಸುವುದರ ಜೊತೆಗೆ ದೀಕ್ಷೆ ಕೊಡುವ ವಿಧಿಯೂ ಈತನ ಕೈಯಲ್ಲೇ. ಪೂರ್ವ ದಿಕ್ಕಿನಲ್ಲಿ ಈತ, ಈತನ ಕೈಕೆಳಗಿನ ಇಬ್ಬರಲ್ಲಿ ಪಶ್ಚಿಮಕ್ಕೆ ಸೀನಿಯರ್ ವಾರ್ಡನ್, ದಕ್ಷಿಣಕ್ಕೆ ಜೂನಿಯರ್ ವಾರ್ಡನ್. ಕೊರಳ ಪಟ್ಟಿಗೆ ಮಾಸ್ಟರನಿಗೆ ಮೂಲೆಮಟ್ಟದ ಪದಕ, ಸೀನಿಯರನಿಗೆ ಮಟ್ಟದ ಪದಕ, ಜೂನಿಯರನಿಗೆ ತೂಗುಗುಂಡಿನದು. ಪತ್ರಿಕೆಯ ಅಂಚಿನಲ್ಲಿ ಈ ಮೂರೂ ಸಣ್ಣದಾಗಿ ಅಚ್ಚಾಗಿವೆ, ತೂಗುಗುಂಡಿನ ದಾರ ಕೂಡ ಕಾಣುತ್ತದೆ. ‘ವಾರ್ಡನ್’ ಅಂದರೆ ಧಾರವಾಡದಲ್ಲಿ ಹಾಸ್ಟೆಲಿನವನೇ ನೆನಪಾಗುವುದರಿಂದ ‘ಮಟ್ಟದ ಹಿರಿಯ’, ‘ಗುಂಡಿನ ಹಿರಿಯ’ ಅಂತ ಆಯುಧದ ಹೆಸರಿನಿಂದಲೇ ಕರೆದು ನೋಡಿದೆ. ‘ಗುಂಡಿನ ಹಿರಿಯ’ ಯಾಕೆ ಬೇಡ ಅಂತ ನಿಮಗೇ ಗೊತ್ತಾದೀತು.

‘ಪಾಸ್ಟ್ ಮಾಸ್ಟರ್’ ಇನ್ನೊಂದು. ಗಾದಿಯ ಅವಧಿ ಒಂದು ವರ್ಷ. ಅದಕ್ಕೂ ಮೊದಲು ವಾರ್ಡನ್ ಆಗಿರಬೇಕು, ಒಂದೊಂದೇ ಹುದ್ದೆ ದಾಟಿ ಅಲ್ಲಿಗೆ ತಲುಪಲು ವರ್ಷಗಟ್ಟಲೆ ಬೇಕು. ಇಳಿದ ಮೇಲೆ ಸಿಗುವ ‘ಪಾಸ್ಟ್ ಮಾಸ್ಟರ್’ ಬಿರುದು ಕಳೆದುಕೊಂಡದ್ದಲ್ಲ, ಗಳಿಸಿದ್ದು, ಸಾಯುವವರೆಗೆ ಇರುವಂಥದು. ನಮ್ಮ ‘ಮಾಜಿ’ಯಲ್ಲಿ ಚುನಾವಣೆ ಸೋತ ಮುಖ ಕಾಣುತ್ತದೆ. ‘ಗಾದಿ ಕಂಡವರು’ ಅಂತ ಬರೆದಿದ್ದೇನೆ. ಹೇಗಿದೆ ಹೇಳಿ.

ಕೊನೆಯವ ‘ಟೈಲರ್’. ಯಾದಿಯ ತಳದಲ್ಲಿ ಈ ಹೆಸರು ಕಂಡು ಗೆಳೆಯರ ಮನೆಯವರು “ಲಾಡ್ಜಿನ ಏಪ್ರನ್ ಹೊಲಿಯುವ ಸಿಂಪಿಗ” ಅಂತಲೇ ನಂಬಿದ್ದರು. ಈತ ಬಾಗಿಲ ಹೊರಗೆ ಕತ್ತಿ ಹಿರಿದು ಕಾಯುವವ. ಒಳಗಿನಿಂದ ಕಾಯಲು ಇನ್ನರ್ ಗಾರ್ಡ್ ಬೇರೆ. ಮಾಸ್ಟರನ ಮಾತನ್ನು ವಾರ್ಡನರಿಗೆ ಮುಟ್ಟಿಸಲು ಕೋಲು ಹಿಡಿದ ಇಬ್ಬರು ಡೀಕನ್ನರು. ಬಳಗದ ಹಿರಿಯರೊಬ್ಬರಿಗೆ ಫೋನಿನಲ್ಲಿ ಹೇಳಿದಾಗ ಅವರು ಥಟ್ಟನೆ, “ಹೊರಗಿನವ ತಳವಾರ, ಸುದ್ದಿ ಒಯ್ಯಾಂವ ವಾಲೀಕಾರ, ಬರಿಯಾಂವ ಕುಲಕರ್ಣಿ, ರೊಕ್ಕ ಇಡಾಂವ ಪೋತದಾರ, ಮುಗೀತಲ್ರೀ” ಅಂದರು. ತಲವಾರ ಹಿಡಿದ ತಳವಾರ! ಹಾವೇರಿ ಜಿಲ್ಲೆಯ ಯಾವ ಹಳ್ಳಿಯ ಮತದಾರರ ಯಾದಿ ತೆಗೆದರೂ ಈ ಅಡ್ಡಹೆಸರುಗಳು ಸಿಗುತ್ತವೆ, ಮಾತು ರುಚಿಯಾಗಿದೆ.

ಆದರೂ ನನ್ನ ಮನಸ್ಸು ಒಪ್ಪದು. ಅವೆಲ್ಲ ವತನದ ಹುದ್ದೆಗಳು, ಅಪ್ಪನಿಂದ ಮಗನಿಗೆ ಬಂದವು. ಗ್ರಾಮಹುದ್ದೆ ರದ್ದಿಯಾತಿಯ 1961ರ ಕಾಯ್ದೆ ಬಂದದ್ದೇ ಅದಕ್ಕಾಗಿ. ಲಾಡ್ಜಿನ ಹುದ್ದೆ ವರ್ಷವರ್ಷ ಕೈ ಬದಲಾಗುವಂಥದು, ಹುಟ್ಟಿನಿಂದ ಬರುವುದಿಲ್ಲ. ಮೇಲಾಗಿ ‘ತಳವಾರ’ ಬರೆದರೆ ಓದುಗರು ಅದನ್ನು ಆ ಮನುಷ್ಯನ ಅಡ್ಡಹೆಸರು ಅಂತಲೇ ಓದುತ್ತಾರೆ. ಗುಡಿಯ ಬಾಗಿಲಲ್ಲಿ ನಿಲ್ಲುವ ‘ದ್ವಾರಪಾಲ’ರೇ ಮೇಲು: ‘ಒಳಬಾಗಿಲ ದ್ವಾರಪಾಲ’, ‘ಹೊರಬಾಗಿಲ ದ್ವಾರಪಾಲ’. ಡೀಕನ್ನರಿಗೆ ಇನ್ನೂ ಏನೂ ಸಿಕ್ಕಿಲ್ಲ.

ದೇವರನ್ನು ಅವರು ‘ವಿಶ್ವದ ಮಹಾಶಿಲ್ಪಿ’ ಅನ್ನುತ್ತಾರೆ, ಯಾವ ಧರ್ಮದವನಿಗೂ ಒಗ್ಗಲಿ ಅಂತ. ಕನ್ನಡದಲ್ಲಿ ‘ವಿಶ್ವಕರ್ಮ’ ಬಾಯಿಗೇ ಬರುತ್ತದೆ, ಆದರೆ ಬರೆದ ಕೂಡಲೇ ಅದು ಒಂದು ಧರ್ಮದ ದೇವರೂ ಒಂದು ಸಮಾಜದ ಹೆಸರೂ ಆಗಿಬಿಡುತ್ತದೆ. ‘ಮಹಾಶಿಲ್ಪಿ’ಯೇ ಇರಲಿ.

ಈಗ ನಿಮ್ಮಲ್ಲಿ ಕೇಳುವುದು. ಉತ್ತರ ಭಾರತದ ಊರುಗಳಲ್ಲಿ ಮೇಸನ್ನರ ಕಟ್ಟಡಕ್ಕೆ ಜನ ‘ಜಾದೂಘರ್’ ಅನ್ನುತ್ತಿದ್ದರು. ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಹಿರಿಯರ ಬಾಯಲ್ಲಿ ಅಂಥ ಆಡುಮಾತು ಕೇಳಿದವರಿದ್ದೀರಾ? ಮೂಲೆಮಟ್ಟಕ್ಕೆ ಗೌಂಡಿಗಳು ‘ಗುಣ್ಯಾ’ ಅನ್ನುವುದನ್ನು ನಾನು ಕೇಳಿದ್ದೇನೆ. ತೂಗುಗುಂಡಿಗೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಡೀಕನ್ನರಿಗೆ, ವಾರ್ಡನರಿಗೆ ವತನದ ವಾಸನೆ ಇಲ್ಲದ ಶಬ್ದ ಇದ್ದರೆ ದಯವಿಟ್ಟು ತಿಳಿಸಿ. ‘ರಾ. ರಾ.’ ಬಗ್ಗೆ ಬೇಡ ಅನ್ನುವವರು ಕಾರಣ ಕೊಟ್ಟು ಬರೆಯಿರಿ. ಪುಸ್ತಕ ಅಚ್ಚಿಗೆ ಹೋಗುವುದು ದೀಪಾವಳಿ ಮುಗಿದ ಮೇಲೆ, ಅಲ್ಲಿಯವರೆಗೆ ತಿದ್ದಲು ಜಾಗ ಇದೆ.