ಪಂಪಿನ ಸ್ಕ್ರೂ ಮುಟ್ಟುವ ಮೊದಲು: ಹಳೆ ಡೀಸೆಲ್ ಪಿಕಪ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಬಂಟ್ವಾಳದಿಂದ): ಅಣ್ಣ, ನನ್ನದು 2009ರ ಪಿಕಪ್, 2.5 ಲೀಟರಿನ ಡಿಐ ಟರ್ಬೊ. ಬಾಳೆಕಾಯಿ, ತೆಂಗಿನಕಾಯಿ ಲೋಡ್ ಹಾಕಿಕೊಂಡು ಶಿರಾಡಿ ಘಾಟಿಯಲ್ಲಿ ಹಾಸನಕ್ಕೆ ಹೋಗ್ಲಿಕ್ಕೆ ಉಂಟು. ಈಗೀಗ ಗುಂಡ್ಯ ದಾಟಿದ ಮೇಲೆ ಸೆಕೆಂಡ್ ಗೇರಿನಲ್ಲೇ ಒದ್ದಾಡ್ತದೆ. ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ಕಪ್ಪು ಹೊಗೆ. ಒಬ್ಬರು ಡೀಸೆಲ್ ಪಂಪಿನ ಸ್ಕ್ರೂ (ಡೀಸೆಲ್ ಹೆಚ್ಚು ಕಡಿಮೆ ಮಾಡುವಂಥದ್ದು) ಅರ್ಧ ಸುತ್ತು ಏರಿಸಿದ್ರೆ ಎಳೀತದೆ ಅಂತಾರೆ, ಇನ್ನೊಬ್ಬರು ಇಂಜಿನ್‌ಗೆ ಗಾಳಿ ತುರುಕುವ ಟರ್ಬೊವನ್ನೇ ದೊಡ್ಡದು ಹಾಕು ಅಂತಾರೆ. ಯಾವುದು ಮಾಡಿಸಲಿ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಉಡುಪಿ): ಸದ್ಯಕ್ಕೆ ಎರಡೂ ಬೇಡ. ಕಪ್ಪು ಹೊಗೆ ಅಂದರೆ ಒಳಗೆ ಹೋದ ಡೀಸೆಲ್ ಪೂರ್ತಿ ಉರಿಯಲಿಲ್ಲ. ಒಂದೋ ಅದಕ್ಕೆ ಬೇಕಾದಷ್ಟು ಗಾಳಿ ಸಿಗಲಿಲ್ಲ, ಅಲ್ಲದಿದ್ದರೆ ನಾಝಲ್ (ಡೀಸೆಲ್ ಬಿಡುವ ಇಂಜೆಕ್ಟರಿನ ತುದಿ) ಸರಿಯಾಗಿ ಸಿಂಪಡಿಸಲಿಲ್ಲ. ಉರಿಯದೆ ಹೊರಗೆ ಹೋಗುವ ಡೀಸೆಲ್ ಈಗಲೇ ಬೇಕಾದಷ್ಟು ಉಂಟು, ಸ್ಕ್ರೂ ಏರಿಸಿದರೆ ಇನ್ನಷ್ಟು ಸುರಿಯುತ್ತದೆ.

ಗಾಡಿ ಎಳೆಯುವುದಿಲ್ಲ ಅಂತ ಬಂದವರ ಹತ್ತಿರ ನಾನು ಮೊದಲು ಕೇಳುವುದು, ಸೋಲುವಾಗ ಹೊಗೆ ಉಂಟಾ ಇಲ್ವಾ ಅಂತ. ಹೊಗೆ ಇಲ್ಲದೆ ಸೋತರೆ ಡೀಸೆಲ್ ಬದಿ ನೋಡಬೇಕು: ಕಟ್ಟಿದ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಗಾಳಿ ಎಳೆಯುವ ಪೈಪ್. ಟರ್ಬೊದಿಂದ ಪಂಪಿನ ತಲೆಗೆ ಸಣ್ಣ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಪೈಪ್ ಬರುವ ಗಾಡಿಯಾದರೆ ಅದು ಒಡೆದಿರಲೂಬಹುದು. ಕಪ್ಪು ಹೊಗೆ ಕಾರಿ ಸೋತರೆ ಗಾಳಿ ಬದಿ, ಇಲ್ಲವೇ ನಾಝಲ್. ನಿಮ್ಮದು ಈ ಜಾತಿ.

ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಕೊಡವಿ ಪುನಃ ಹಾಕುವ ಕ್ರಮ ನಮ್ಮಲ್ಲಿ ಜಾಸ್ತಿ. ಹೆಚ್ಚು ಗಾಳಿ ಹೊಡೆದರೆ ಒಳಗಿನ ಕಾಗದ ಹರಿದು ಧೂಳು ನೇರ ಬೋರಿಗೆ, ಅಂದರೆ ಪಿಸ್ಟನ್ ಆಡುವ ಸಿಲಿಂಡರಿಗೆ ಹೋಗುತ್ತದೆ. ಕೆಂಪುಕಲ್ಲು ಕೋರೆ, ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಹೊಸ ಫಿಲ್ಟರೇ ಹಾಕಿ. ಆಮೇಲೆ ಟರ್ಬೊದಿಂದ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಹೋಗುವ ರಬ್ಬರ್ ಹೋಸ್ ನೋಡಿ. ಮೇಲಿನಿಂದ ಸರಿಯಾಗಿಯೇ ಕಾಣುತ್ತದೆ, ಕ್ಲಿಪ್ಪಿನ ಅಡಿಯಲ್ಲೋ ಬಗ್ಗಿದ ಕಡೆ ಕೆಳಮುಖದಲ್ಲೋ ಸೀಳಿರುತ್ತದೆ. ಅಲ್ಲಿ ಎಣ್ಣೆ ಮಿಶ್ರಿತ ಧೂಳಿನ ಕರೆ ಹಿಡಿದಿದ್ದರೆ ಗಾಳಿ ಸೋರುವ ಜಾಗ ಅದೇ. ನಿಂತಲ್ಲಿ ರೇಸ್ ಮಾಡಿದರೆ ಗೊತ್ತಾಗುವುದಿಲ್ಲ, ಲೋಡಿನಲ್ಲಿ ಬೂಸ್ಟ್ ಬಂದಾಗ ಮಾತ್ರ ಬಾಯಿ ಬಿಡುತ್ತದೆ.

ಇಂಜಿನ್ ತಣ್ಣಗಿರುವಾಗ ಟರ್ಬೊ ಬಾಯಿಯ ಪೈಪ್ ಬಿಚ್ಚಿ ಚಕ್ರ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಹೆದರಬೇಡಿ, ಎಣ್ಣೆಯ ಪದರಕ್ಕೆ ಜಾಗ ಬೇಕು. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇದ್ದರೆ, ಅದರ ಆಯುಸ್ಸು ಮುಗಿಯುತ್ತಾ ಬಂತು.

ಇಷ್ಟೂ ಸರಿ ಇದ್ದರೆ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಟೆಸ್ಟರಿಗೆ ಹಾಕಿಸಿ. ನಿಮ್ಮ ಕಣ್ಣೆದುರೇ ಹಾಕಿಸಿ, ನೋಡಲಿಕ್ಕೆ ಕಷ್ಟದ ವಿಷಯ ಅಲ್ಲ. ಒಳ್ಳೆ ನಾಝಲ್ ಸಣ್ಣ ಮಂಜಿನಂತೆ ಸಿಂಪಡಿಸಿ ಟಕ್ಕನೆ ನಿಲ್ಲುತ್ತದೆ, ಕೆಟ್ಟದ್ದು ಧಾರೆ ಬಿಟ್ಟು ತುದಿಯಲ್ಲಿ ಹನಿ ಉಳಿಸುತ್ತದೆ. ಆ ಹನಿ ಪಿಸ್ಟನ್ ತಲೆಯ ಮೇಲೆ ಒಂದೇ ಕಡೆ ಉರಿದು ಗುಂಡಿ ಕೊರೆಯುತ್ತದೆ. ವಾಪಸ್ ಕೂರಿಸುವಾಗ ಅಡಿಯ ತಾಮ್ರದ ವಾಷರ್ ಹೊಸದೇ ಬೇಕು. ಟ್ಯಾಪೆಟ್ (ವಾಲ್ವಿನ ಸಂದು) ಮತ್ತು ಪಂಪಿನ ಟೈಮಿಂಗ್ (ಡೀಸೆಲ್ ಬಿಡುವ ಹೊತ್ತು) ಅದೇ ದಿನ ನೋಡಿಸಿಬಿಡಿ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಬಿ.ಸಿ.ರೋಡಿನಿಂದ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ತನ್ನಿ. ಒಂದು ಮಾತ್ರ ಕಾದಿದ್ದರೆ ಬ್ರೇಕ್ ಹಿಡಿದುಕೊಂಡುಂಟು. ಅರ್ಧ ಇಂಜಿನ್ ಕೆಲಸ ಮುಗಿದ ಮೇಲೆ ಬ್ರೇಕ್ ಜಾಮ್ ಅಂತ ಗೊತ್ತಾದ ಗಾಡಿಗಳನ್ನು ಕಂಡಿದ್ದೇನೆ, ಅದಕ್ಕೇ ಹೇಳುವುದು.

ಸ್ಕ್ರೂ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಬೇಡ ಅನ್ನಲಿಕ್ಕೆ ಕಾರಣ ಬಿಸಿ. ಮೆಕ್ಯಾನಿಕಲ್ ಪಂಪಿನ ಇಂಜಿನ್‌ನಲ್ಲಿ ಡೀಸೆಲ್ ಹೆಚ್ಚಿಸಿದಷ್ಟೂ ಒಳಗಿನ ಉಷ್ಣ ಏರುತ್ತದೆ, ತಡೆಯಲಿಕ್ಕೆ ಅಲ್ಲಿ ಕಂಪ್ಯೂಟರ್ ಇಲ್ಲ. ಪಿಸ್ಟನ್ ಅಲ್ಯೂಮಿನಿಯಂ, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ ಹೊಗೆಯಷ್ಟು ಬಿಸಿಯಾಗುವುದಿಲ್ಲ, ಆದರೂ ಟರ್ಬೊಕ್ಕೆ ಮೊದಲು ಹೊಗೆಯ ಉಷ್ಣ 700 ಡಿಗ್ರಿಯ ಆಚೆ ತುಂಬ ಹೊತ್ತು ನಿಲ್ಲಬಾರದು ಅನ್ನುವುದು ಅದಕ್ಕೇ. ಪೇಟೆಯಲ್ಲಿ ಓಡುವವರಿಗೆ ಕ್ಷಣ ಹೊತ್ತು ಏರಿ ಇಳಿಯುತ್ತದೆ. ಗುಂಡ್ಯದಿಂದ ಮಾರನಹಳ್ಳಿವರೆಗೆ ಲೋಡಿನಲ್ಲಿ, ಕಡಿಮೆ ವೇಗದಲ್ಲಿ, ಎದುರು ಗಾಳಿ ಇಲ್ಲದೆ ಏರುವ ಗಾಡಿಗೆ ಅದು ಇಳಿಯುವುದೇ ಇಲ್ಲ. ಮೇಲೆ ಹೋದಂತೆ ಗಾಳಿಯೂ ತೆಳುವಾಗುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ ಉಂಟು, ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಕೆಳಗೆ ಸರಿ ಕಂಡ ಸೆಟ್ಟಿಂಗ್ ಅಲ್ಲಿ ಹೊಗೆ ಬಿಡುತ್ತದೆ. ಎಮಿಷನ್ ಟೆಸ್ಟಿನಲ್ಲೂ ಬಿಎಸ್4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯ ಮಿತಿ 65 ಹಾರ್ಟ್‌ರಿಜ್, ಸ್ಕ್ರೂ ಏರಿಸಿದ ಗಾಡಿ ಅಲ್ಲೇ ಸಿಕ್ಕಿ ಬೀಳುತ್ತದೆ.

ಅದೇ ಬಂಟ್ವಾಳದವರು: ಎಲ್ಲ ಸರಿ ಮಾಡಿಸಿದ ಮೇಲೂ ಸ್ವಲ್ಪ ಶಕ್ತಿ ಹೆಚ್ಚು ಬೇಕು ಅನ್ನಿಸಿದ್ರೆ?

ಉತ್ತರ: ಆಗ ಮೊದಲು ಮೀಟರ್ ಹಾಕಿಸಿ. ಒಂದು ಬೂಸ್ಟ್ ಗೇಜ್, ಇನ್ನೊಂದು ಟರ್ಬೊಕ್ಕೆ ಮೊದಲು ಕೂರಿಸುವ ಹೊಗೆಯ ಉಷ್ಣದ ಗೇಜ್. ಇವೆರಡು ಇಲ್ಲದೆ ಶಕ್ತಿ ಹೆಚ್ಚಿಸುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ದೊಡ್ಡ ಟರ್ಬೊ ನಿಮ್ಮ ಕೆಲಸಕ್ಕೆ ಆಗುವುದೇ ಇಲ್ಲ. ಅದು ತಿರುಗಲಿಕ್ಕೆ ಹೆಚ್ಚು ಆರ್‌ಪಿಎಂ ಬೇಕು, ಲೋಡಿನ ಗಾಡಿಗೆ ಬೇಕಾದ್ದು ಕೆಳಗಿನ ಎಳೆತ. ಘಟ್ಟ ಹತ್ತಿ ನಿಲ್ಲಿಸಿದಾಗ ಕೂಡಲೇ ಕೀ ತಿರುಗಿಸಬೇಡಿ, ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಇಲ್ಲದಿದ್ದರೆ ಕಾದ ಟರ್ಬೊದೊಳಗೆ ನಿಂತ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ.

ಪ್ರಶ್ನೆ (ಕಾರ್ಕಳದಿಂದ): ನನ್ನದು ಟಾಟಾ 207 ಡಿಐ ಪಿಕಪ್. ಆಗುಂಬೆ ಬದಿಯಲ್ಲಿ ಹೀಟ್ ಆಗ್ತದೆ ಅಂತ ಗ್ಯಾರೇಜಿನವರು ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವಂಥದ್ದು) ತೆಗೆದು ಬಿಸಾಡಿದ್ರು. ಮತ್ತೂ ಹೀಟೇ. ನೀರು ಬಾವಿದ್ದೇ ಹಾಕುವುದು.

ಉತ್ತರ: ವಾಲ್ವ್ ಪುನಃ ಹಾಕಿಸಿ ಅಣ್ಣ. ಬೈಪಾಸ್ ದಾರಿ ಇರುವ ಇಂಜಿನ್‌ಗಳಲ್ಲಿ ಬಿಸಿಯಾದ ಮೇಲೆ ಆ ದಾರಿ ಮುಚ್ಚುವುದೂ ಇದೇ ವಾಲ್ವ್. ಅದಿಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್‌ನಲ್ಲೇ ಸುತ್ತುತ್ತದೆ. ಬೆಳಿಗ್ಗೆ ಇಂಜಿನ್ ಬಿಸಿಯಾಗಲಿಕ್ಕೆ ತಡವಾಗಿ ಬೋರ್ ಸವೆಯುವುದು ಬೇರೆ.

ಬಾವಿ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇಲ್ಲ, ಒಳಗೆ ಕೆಂಪು ಕೆಸರು ಕಟ್ಟಿರುತ್ತದೆ. ರೇಡಿಯೇಟರ್ ಇಳಿಸಿ ಕೊಳವೆ ಕ್ಲೀನ್ ಮಾಡಿಸಿ, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ. ಮುಚ್ಚಳವನ್ನೂ ಬದಲಿಸಿ. ಅದರ ಸ್ಪ್ರಿಂಗ್ ಒತ್ತಡ ಹಿಡಿದರೆ ಮಾತ್ರ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನಿಲ್ಲುತ್ತದೆ. ಸುಮಾರು 0.9 ಬಾರ್ ಹಿಡಿಯುವ ಮುಚ್ಚಳ ಕುದಿಬಿಂದುವನ್ನು 20 ಡಿಗ್ರಿಯಷ್ಟು ಮೇಲೆ ಏರಿಸುತ್ತದೆ. ಇಷ್ಟು ಸಣ್ಣ ಸಾಮಾನನ್ನು ಹೆಚ್ಚಿನವರು ನೋಡುವುದೇ ಇಲ್ಲ.

ಪ್ರಶ್ನೆ (ಸುರತ್ಕಲ್‌ನಿಂದ): ಬಿಎಸ್6 ಡೀಸೆಲ್ ಬಂದ ಮೇಲೆ ಹಳೆ ಪಂಪ್ ಬೇಗ ಹೋಗ್ತದಂತೆ, ಪ್ರತಿ ಟ್ಯಾಂಕಿಗೆ ಟೂ-ಸ್ಟ್ರೋಕ್ ಬೈಕಿನ 2ಟಿ ಆಯಿಲ್ ಹಾಕ್ಬೇಕಂತೆ. ಹೌದಾ?

ಉತ್ತರ: ಹೇಳಿದವರ ಮಾತಿನಲ್ಲಿ ಅರ್ಧ ಸತ್ಯ ಉಂಟು. 2020ರ ಏಪ್ರಿಲ್‌ನಿಂದ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂಗೆ (ಹತ್ತು ಲಕ್ಷ ಪಾಲಿನಲ್ಲಿ ಹತ್ತು) ಇಳಿಯಿತು, ಬಿಎಸ್4ರಲ್ಲಿ 50 ಇತ್ತು, ಬಿಎಸ್3ರಲ್ಲಿ 350. ಗಂಧಕ ತೆಗೆಯುವಾಗ ಡೀಸೆಲಿನ ಸಹಜ ಜಾರುಗುಣವೂ ಕಡಿಮೆಯಾಗುತ್ತದೆ. ಆದರೆ ಅದಕ್ಕೂ ಒಂದು ಮಾನದಂಡ ಉಂಟು: ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರುವಂತಿಲ್ಲ. ಅದಕ್ಕೆ ಬೇಕಾದ್ದನ್ನು ಬೆರೆಸಿಯೇ ಬಂಕಿಗೆ ಬರುತ್ತದೆ. ನೀವು ಎಂತದ್ದೂ ಸೇರಿಸುವುದು ಬೇಡ. ಪಂಪಿನ ನಿಜವಾದ ಶತ್ರು ನೀರು ಮತ್ತು ಸೀಮೆಎಣ್ಣೆ. ಫಿಲ್ಟರಿನ ಅಡಿಯ ಡ್ರೈನ್ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡಿ.

ಪ್ರಶ್ನೆ (ಮಲ್ಪೆಯಿಂದ): ಮೀನಿನ ಗಾಡಿ. ಬ್ಯಾಟರಿ ಹೊಸದು, ಸೆಲ್ಫ್ ರಿಪೇರಿ ಮಾಡಿಸಿದ್ದು, ಆದ್ರೂ ಬೆಳಗಿನ ಜಾವ ಇಂಜಿನ್ ನಿಧಾನ ತಿರುಗ್ತದೆ. ಮತ್ತೆ, ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುವಾಗ ಗಾಡಿ ಹೇಗೆ ಇಡುವುದು?

ಉತ್ತರ: ಅರ್ತ್ ವಯರ್ ನೋಡಿ. ಐಸ್ ಕರಗಿದ ಉಪ್ಪುನೀರು ಸೋರಿ ಚಾಸಿಸ್ ಮೇಲೆ ಹರಿಯುತ್ತದಲ್ಲ, ಅದು ಮೊದಲು ತಿನ್ನುವುದು ಇಂಜಿನ್‌ನಿಂದ ಚಾಸಿಸ್‌ಗೆ ಬರುವ ಹೆಣೆದ ಪಟ್ಟಿಯನ್ನು. ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಆ ದಾರಿಯಲ್ಲಿ. ಹೊಸ ಪಟ್ಟಿ ಹಾಕಿ, ಕೂರುವ ಜಾಗ ಉಜ್ಜಿ ಬೆಳ್ಳಗೆ ಮಾಡಿ, ಬಿಗಿ ಮಾಡಿದ ಮೇಲೆ ಗ್ರೀಸ್ ಬಳಿಯಿರಿ. ಬಾಕ್ಸಿನ ಸೋರುವ ನೀರನ್ನು ಪೈಪ್ ಹಾಕಿ ಒಂದು ಟ್ಯಾಂಕಿಗೆ ಬಿಡಿ. ರಸ್ತೆಯಲ್ಲಿ ಬೈಕಿನವರು ಜಾರಿ ಬೀಳುವುದೂ ಆ ನೀರಿನಿಂದಲೇ.

ಜೂನ್ 1ರಿಂದ ಜುಲೈ 31ರವರೆಗೆ ನಿಲ್ಲಿಸುವುದಾದರೆ ಮೊದಲು ಅಡಿಯೆಲ್ಲ ಸಿಹಿನೀರಿನಲ್ಲಿ ತೊಳೆಸಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದರೆ ಮಳೆಗಾಲದ ತೇವ ಒಳಗೇ ನೀರಾಗುತ್ತದೆ. ಆಯಿಲ್ ಬದಲಿಸಿ ನಿಲ್ಲಿಸಿ, ಹಳೆ ಆಯಿಲಿನ ಆಮ್ಲ ಬೇರಿಂಗಿನಲ್ಲಿ ಕೂರಬಾರದು. 15ಡಬ್ಲ್ಯೂ-40, ಸಿಐ-4 ದರ್ಜೆಯದ್ದು ಈ ಇಂಜಿನ್‌ಗಳಿಗೆ ಧಾರಾಳ. ಬರೀ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವುದು ಒಳ್ಳೆಯದಲ್ಲ, ಹೊರಡಿಸುವುದಾದರೆ ಪೂರ್ತಿ ಬಿಸಿಯಾಗುವಷ್ಟು ಓಡಿಸಿ ತನ್ನಿ.

ಪ್ರಶ್ನೆ (ಕುಂದಾಪುರದಿಂದ, ನರ್ಸರಿ ನಡೆಸುವವರು): ನಮ್ಮ ಗಾಡಿ ನೀಲಿ ಹೊಗೆ ಬಿಡ್ತದೆ, ಆಯಿಲ್ ಟಾಪ್ ಮಾಡ್ತಾ ಇರ್ಬೇಕು. ಇಂಜಿನ್ ಬಿಚ್ಚುವುದಾ, ಅಲ್ಲ ಬೇರೆ ಮಾಡೆಲಿನ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ) ಇಂಜಿನ್ ಕೂರಿಸುವುದಾ? ಕೂರಿಸಿಕೊಡ್ತೇವೆ ಅಂತ ಒಬ್ಬರು ಹೇಳ್ತಿದ್ದಾರೆ.

ಉತ್ತರ: ಅಕ್ಕ, ಬೇರೆ ಇಂಜಿನ್ ಆಸೆ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಇಂಜಿನ್ ನಂಬರ್ ಆರ್‌ಸಿಯಲ್ಲಿ ಉಂಟು. ನಿಮ್ಮ ಗಾಡಿಗೆ ಎಂಟು ವರ್ಷ ದಾಟಿದ್ದರೆ ಪ್ರತಿ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗಬೇಕು, ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ನೋಡುವುದೂ ಆ ನಂಬರನ್ನೇ.

ಬಿಚ್ಚುವ ಮೊದಲು ನೀಲಿ ಹೊಗೆಯ ಮೂಲ ಹುಡುಕಿಸಿ. ಟರ್ಬೊ ಸೀಲ್ ಹೋಗಿ ಎಣ್ಣೆ ಸುಡುವ ಇಂಜಿನ್‌ಗಳನ್ನೂ ಪೂರ್ತಿ ಬಿಚ್ಚಿ ಹಾಕುತ್ತಾರೆ. ಟರ್ಬೊದ ಔಟ್‌ಲೆಟ್ ಪೈಪಿನಲ್ಲಿ ಎಣ್ಣೆ ನಿಂತಿದೆಯಾ ನೋಡಿ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬರೀ ಮೇಲಿಡಿ. ಅದು ಹಾರಿ ಬೀಳುವಷ್ಟು ಒತ್ತಡ ಬಂದರೆ ರಿಂಗ್, ಬೋರ್ ಸವೆದಿರುವ ಸಂಭವ ಹೆಚ್ಚು. ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನ ಒಳ ಒತ್ತಡದ ಪರೀಕ್ಷೆ) ಮಾಡಿಸಿ ನಾಲ್ಕೂ ಸಿಲಿಂಡರಿನ ಅಂಕಿಯನ್ನು ಬರೆದುಕೊಳ್ಳಿ. ನಾಲ್ಕೂ ಒಂದೇ ಸಮ ಇದ್ದು ಬರೀ ಚಳಿಯಲ್ಲಿ ಸ್ಟಾರ್ಟ್ ಆದಾಗ ನೀಲಿ ಬಂದು ಹೋದರೆ ವಾಲ್ವ್ ಸೀಲ್ ಇರಬಹುದು, ಅದು ಸಣ್ಣ ಕೆಲಸ. ಬೋರೇ ಹೋಗಿದ್ದರೆ ಬಿಚ್ಚುವ ದಿನ ನೀವೂ ಗ್ಯಾರೇಜಿಗೆ ಹೋಗಿ. ಬೋರಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಗೇಜ್ ಹಾಕಿ ತೆಗೆಸಿ, ಅದನ್ನು ನೋಡಿದ ಮೇಲೆಯೇ ಪಿಸ್ಟನ್ ಸೆಟ್ಟಿಗೆ ಆರ್ಡರ್ ಕೊಡಿ.