ಪದಚರ್ಚೆ: ‘ಎಕ್ಸ್‌ಪ್ಲೇನ್ ಯು’, ‘ಪಿಕಪ್ ಯು’ – ಇಲ್ಲಿ ನಮ್ಮ ‘ಗೆ’ ಏನು ಮಾಡುತ್ತಿದೆ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ನಮ್ಮ ಅಕ್ಕನ ಮಗಳು ಇಲ್ಲೇ ಚಿಕ್ಕಮಗಳೂರಿನ ಹತ್ತಿರ ಒಂದು ಹೋಂಸ್ಟೇಯಲ್ಲಿ ಕೆಲಸ ಮಾಡುತ್ತಾಳೆ. ಮುಳ್ಳಯ್ಯನಗಿರಿ ನೋಡಲು ಬರುವವರಿಗೆ ದಾರಿ ಹೇಳುವುದು, ಜೀಪು ಗೊತ್ತು ಮಾಡುವುದು, ಬಸ್ ಸ್ಟ್ಯಾಂಡಿನಿಂದ ಕರೆಸಿಕೊಳ್ಳುವುದು ಎಲ್ಲ ಅವಳದೇ. ಹೊರದೇಶದಿಂದ ಬರುವವರೊಬ್ಬರಿಗೆ ಕಳಿಸಬೇಕಿದ್ದ ಮೆಸೇಜನ್ನು ತೋರಿಸಿ, ‘ಮಾವ, ತಪ್ಪಿದ್ದರೆ ಹೇಳಿ’ ಅಂದಳು. ಅದರಲ್ಲಿ ಹೀಗಿತ್ತು: ‘ಐ ವಿಲ್ ಎಕ್ಸ್‌ಪ್ಲೇನ್ ಯು ದ ರೂಟ್. ಡ್ರೈವರ್ ವಿಲ್ ಪಿಕಪ್ ಯು ಅಟ್ ಟೆನ್.’

ಮೊದಲನೆಯದು ‘ಎಕ್ಸ್‌ಪ್ಲೇನ್ ದ ರೂಟ್ ಟು ಯು’ ಆಗಬೇಕು, ಎರಡನೆಯದರಲ್ಲಿ ‘ಯು’ ನಡುವೆ ಬರಬೇಕು, ‘ಪಿಕ್ ಯು ಅಪ್’ ಅಂದೆ. ತಿದ್ದಿಕೊಂಡಳು. ಆಮೇಲೆ ಕೇಳಿದಳು: ‘ಟೆಲ್ ಯು ದ ರೂಟ್ ಅಂದರೆ ಸರಿ, ಎಕ್ಸ್‌ಪ್ಲೇನ್ ಯು ದ ರೂಟ್ ಅಂದರೆ ತಪ್ಪು. ಎರಡೂ “ನಿಮಗೆ” ತಾನೆ ಮಾವ?’

‘ಅದು ಹಾಗೇ ಕಣಮ್ಮ’ ಅಂತ ಸುಮ್ನೆ ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕನ್ನಡದಲ್ಲಿ ಹೇಳು, ವಿವರಿಸು, ತೋರಿಸು, ಕೊಡು ಎಲ್ಲಕ್ಕೂ ಒಂದೇ ‘ಗೆ’. ಸುಮಾರು ಕ್ರಿ.ಶ. 450ರದು ಎನ್ನುವ ಹಲ್ಮಿಡಿ ಶಾಸನ ನಮ್ಮ ಪಕ್ಕದ ಬೇಲೂರು ತಾಲ್ಲೂಕಿನದು. ಅದರಲ್ಲೂ ‘ವಿಜ ಅರಸಂಗೆ’ ಊರುಗಳನ್ನು ‘ಕೊಟ್ಟಾರ್’ ಎಂದೇ ಇದೆ. ಯಾರಿಗೆ ಕೊಟ್ಟರು ಅನ್ನುವುದನ್ನು ಅಂದಿನಿಂದ ಇಂದಿನವರೆಗೆ ಈ ‘ಗೆ’ ಹೇಳುತ್ತಾ ಬಂದಿದೆ. ಆ ಶಾಸನದ ಕನ್ನಡ ಇವತ್ತು ಓದಿದರೆ ಮುಕ್ಕಾಲು ಪಾಲು ಅರ್ಥ ಆಗುವುದಿಲ್ಲ, ಆದರೆ ‘ಅರಸಂಗೆ’ ಮತ್ತು ‘ಕೊಟ್ಟಾರ್’ ಯಾರಿಗೂ ಅರ್ಥ ಆಗುತ್ತವೆ. ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ.

ನಾನು ತಿಳಿದುಕೊಂಡ ಮಟ್ಟಿಗೆ ಇಂಗ್ಲಿಷಿನ ಕಡೆ ನಡೆದಿರುವುದು ಇಷ್ಟು. ‘ನನಗೆ’ ಅಂದರೆ ‘ಟು ಮೀ’ ಎಂದು ಶಾಲೆಯಲ್ಲಿ ಕಲಿಸುತ್ತೇವೆ, ಅಲ್ವಾ? ತೊಡಕು ಅಲ್ಲೇ ಶುರುವಾಗುತ್ತದೆ. ಇಂಗ್ಲಿಷಿನ ‘ಮೀ’ ಒಂದೇ ಪದದಲ್ಲಿ ‘ನನ್ನನ್ನು’ ಕೂಡ ಇದೆ, ‘ನನಗೆ’ ಕೂಡ ಇದೆ. ‘ಹಿಮ್’ ಕೂಡ ಹಾಗೇ. ಸುಮಾರು 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ರೂಪ ಇತ್ತು. ‘ಹಿನೆ’ ಅಂದರೆ ಅವನನ್ನು, ‘ಹಿಮ್’ ಅಂದರೆ ಅವನಿಗೆ. ಮುಂದೆ ‘ಹಿನೆ’ ಬಿದ್ದುಹೋಯಿತು, ‘ಹಿಮ್’ ಎರಡೂ ಕೆಲಸ ಹೊತ್ತುಕೊಂಡಿತು. ಹಾಗಾಗಿ ‘ಗಿವ್ ಹಿಮ್’ ಅಂದಾಗ ‘ಟು’ ಬಿಟ್ಟುಹೋಗಿಲ್ಲ. ಆ ‘ಹಿಮ್’ ಒಳಗೇ ‘ಗೆ’ ಇದೆ.

ಶೇಕ್ಸ್‌ಪಿಯರ್ ಕಾಲದಲ್ಲೂ ಬಳಕೆಯಲ್ಲಿದ್ದ ‘ಮೀಥಿಂಕ್ಸ್’ ಪದವನ್ನೇ ನೋಡಿ. ಅಲ್ಲಿನ ‘ಥಿಂಕ್’ ಯೋಚಿಸು ಎನ್ನುವ ಪದವಲ್ಲ. ತೋರು, ಅನಿಸು ಎನ್ನುವ ಇನ್ನೊಂದು ಹಳೆಯ ಪದ. ಅಂದರೆ ‘ಮೀಥಿಂಕ್ಸ್’ ಅನ್ನುವುದು ಅಕ್ಷರಕ್ಕೆ ಅಕ್ಷರ ನಮ್ಮ ‘ನನಗನಿಸುತ್ತದೆ’! ಇದು ಗೊತ್ತಾದ ದಿನ ಅಕ್ಕನ ಮಗಳಿಗೆ ಫೋನ್ ಮಾಡಿಯೇ ಹೇಳಿದೆ.

ಇನ್ನು ‘ಎಕ್ಸ್‌ಪ್ಲೇನ್’. ಅದು ಲ್ಯಾಟಿನ್ ಮೂಲದ್ದು, ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಇಂಗ್ಲಿಷಿನ ವಿಭಕ್ತಿಗಳು ಸವೆದುಹೋಗಿದ್ದವು, ‘ಟು’ ಆ ಜಾಗಕ್ಕೆ ಬಂದಿತ್ತು. ಗಿವ್, ಟೆಲ್, ಸೆಂಡ್, ಶೋ ತರಹದ ಮನೆಯ ಪದಗಳು ಹಳೆಯ ದಾರಿಯನ್ನೂ ಉಳಿಸಿಕೊಂಡವು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್ ತರಹದ ಹೊರಗಿನ ಪದಗಳು ‘ಟು’ ಹಿಡಿದುಕೊಂಡೇ ನಡೆಯುತ್ತವೆ. ಎಲ್ಲ ಕಡೆಯೂ ಹೀಗೇ ಅಂತ ಹೇಳಲಾಗದು. ‘ಸೇ’ ಮನೆಯ ಪದವೇ, ಆದರೂ ‘ಸೇ ಮೀ’ ಆಗುವುದಿಲ್ಲ. ‘ಪ್ರಾಮಿಸ್’ ಲ್ಯಾಟಿನ್ ಕಡೆಯದು, ಆದರೂ ‘ಪ್ರಾಮಿಸ್ ಮೀ’ ಸರಿ. ಇದಕ್ಕೆ ಉಚ್ಚಾರದ ಒತ್ತನ್ನು ಕಾರಣ ಕೊಡುತ್ತಾರೆ. ಪ್ರಾಮಿಸ್, ಆಫರ್ ಪದಗಳಲ್ಲಿ ಮನೆಯ ಪದಗಳ ಹಾಗೆ ಒತ್ತು ಮೊದಲಿಗೇ ಬೀಳುತ್ತದೆ. ಎಕ್ಸ್‌ಪ್ಲೇನ್, ಸಜೆಸ್ಟ್ ಪದಗಳಲ್ಲಿ ಕೊನೆಗೆ. ಕಿವಿಯಿಂದ ಕಲಿಯುವ ಮಗು ಇದನ್ನು ತಾನೇ ಹಿಡಿದುಕೊಳ್ಳುತ್ತದೆ. ಓದಿ ಕಲಿಯುವ ನಮಗೆ ಯಾರಾದರೂ ಹೇಳಬೇಕಾಗುತ್ತದೆ.

‘ಪಿಕಪ್ ಯು’ ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಇಂಗ್ಲಿಷಿನಲ್ಲಿ ‘ಪಿಕ್ ಅಪ್ ದ ಬ್ಯಾಗ್’, ‘ಪಿಕ್ ದ ಬ್ಯಾಗ್ ಅಪ್’ ಎರಡೂ ನಡೆಯುತ್ತವೆ. ಬ್ಯಾಗಿನ ಜಾಗದಲ್ಲಿ ಸರ್ವನಾಮ ಬಂದರೆ ಮಾತ್ರ ಒಂದೇ ದಾರಿ, ‘ಪಿಕ್ ಇಟ್ ಅಪ್’. ಇಂಗ್ಲಿಷಿನಲ್ಲಿ ಹೊಸ ವಿಷಯ ಕೊನೆಗೆ ಬರಬೇಕು. ‘ಇಟ್’, ‘ಯು’ ಹೊಸದಲ್ಲ, ಆಗಲೇ ಗೊತ್ತಿರುವುದು, ಒತ್ತಿಲ್ಲದ ಹಗುರ ಪದ. ಅದಕ್ಕೇ ನಡುವೆ ಸೇರಿಕೊಳ್ಳುತ್ತದೆ. ‘ಗಿವ್ ಇಟ್ ಟು ಮೀ’ ಅನ್ನುವವರೇ ಜಾಸ್ತಿ ಇರುವುದಕ್ಕೂ ಇದೇ ಕಾರಣ. ನಮ್ಮಲ್ಲಿ ಒತ್ತಿ ಹೇಳುವ ಪದ ಕ್ರಿಯಾಪದದ ಪಕ್ಕಕ್ಕೆ ಬರುತ್ತದೆ. ‘ಅವನಿಗೆ ದುಡ್ಡು ಕೊಟ್ಟೆ’, ‘ದುಡ್ಡು ಅವನಿಗೆ ಕೊಟ್ಟೆ’ ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ.

ಆದರೆ ‘ಲುಕ್ ಆಫ್ಟರ್ ಹಿಮ್’ ಎಂಬುದನ್ನು ‘ಲುಕ್ ಹಿಮ್ ಆಫ್ಟರ್’ ಮಾಡಲಾಗದು. ಅಲ್ಲಿನ ‘ಆಫ್ಟರ್’ ಮುಂದಿನ ‘ಹಿಮ್’ ಪದಕ್ಕೆ ಅಂಟಿದ್ದು. ‘ಅಪ್’ ಹಿಂದಿನ ‘ಪಿಕ್’ ಪದಕ್ಕೆ ಅಂಟಿದ್ದು. ನೋಡಲು ಎರಡೂ ಒಂದೇ ತರಹದ ಪುಟ್ಟ ಪದಗಳು.

ನಾವು ‘ಪಿಕಪ್ ಯು’ ಅನ್ನುವುದಕ್ಕೆ ನನ್ನ ಊಹೆ ಹೀಗಿದೆ. ನಾವು ಆ ಪದವನ್ನು ಮೊದಲು ಬಳಸುವುದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ‘ಅವರನ್ನ ಪಿಕಪ್ ಮಾಡು’, ‘ಬಸ್ ಸ್ಟ್ಯಾಂಡಿಗೆ ಡ್ರಾಪ್ ಮಾಡು’, ‘ನನಗೆ ಎಕ್ಸ್‌ಪ್ಲೇನ್ ಮಾಡಿ’, ‘ಒಳ್ಳೆ ಜಾಗ ಸಜೆಸ್ಟ್ ಮಾಡಿ’. ಇಲ್ಲಿ ‘ಪಿಕಪ್’ ಒಡೆಯದ ಒಂದೇ ಪದ. ಅಪ್, ಟು, ಅಟ್ ಮಾಡುತ್ತಿದ್ದ ಕೆಲಸವನ್ನೆಲ್ಲ ನಮ್ಮ ‘ಅನ್ನು’, ‘ಗೆ’ ವಹಿಸಿಕೊಂಡಿವೆ. ಅದೇ ಪದವನ್ನು ಮತ್ತೆ ಇಂಗ್ಲಿಷ್ ವಾಕ್ಯಕ್ಕೆ ಕರೆದೊಯ್ದಾಗ ಅದು ಕನ್ನಡದ ಅಭ್ಯಾಸದ ಜೊತೆಗೇ ಹೋಗುತ್ತದೆ. ‘ಡ್ರಾಪ್ ದೆಮ್ ಟು ದ ಬಸ್ ಸ್ಟ್ಯಾಂಡ್’ ಅನ್ನುವುದು, ‘ಅದರ ಬಗ್ಗೆ’ ಇದೆಯೆಂದು ‘ಡಿಸ್ಕಸ್ ಅಬೌಟ್’ ಅನ್ನುವುದು, ‘ನನ್ನ ಮೇಲೆ ಸಿಟ್ಟು’ ಹೋಗಿ ‘ಆಂಗ್ರಿ ಆನ್ ಮೀ’ ಆಗುವುದು ಎಲ್ಲ ಹೀಗೇ ಇರಬೇಕು. ಇದನ್ನು ದಡ್ಡತನ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಆ ಹುಡುಗಿಯ ಒಳಗೆ ಒಂದು ಗಟ್ಟಿಯಾದ ವ್ಯಾಕರಣ ಇದೆ. ಅದನ್ನು ಅವಳಿಗೆ ತೋರಿಸಿಕೊಟ್ಟರೆ ಇಂಗ್ಲಿಷ್ ಕಲಿಯುವುದು ಹಗುರ ಆಗುತ್ತದೆ.

ಈಗ ನಿಮ್ಮಿಂದ ತಿಳಿಯಬೇಕಾದದ್ದು. ‘ಟು’ ಇಲ್ಲದೆ ‘ಗೆ’ಯನ್ನು ಒಳಗೇ ಇಟ್ಟುಕೊಂಡ ಟೆಲ್, ಗಿವ್ ತರಹದ ಕ್ರಿಯಾಪದಗಳಿಗೆ, ‘ಟು’ ಬೇಡುವ ಎಕ್ಸ್‌ಪ್ಲೇನ್ ತರಹದವಕ್ಕೆ ಮಕ್ಕಳಿಗೆ ತಿಳಿಯುವಂಥ ಕನ್ನಡ ಹೆಸರು ಯಾರಾದರೂ ಬಳಸಿದ್ದೀರಾ? ‘ದ್ವಿಕರ್ಮಕ’ ಅಂದರೆ ಎರಡೂ ಅದರಲ್ಲೇ ಬಂದುಬಿಡುತ್ತವೆ, ವ್ಯತ್ಯಾಸ ಕಾಣುವುದಿಲ್ಲ. ‘ಅಪ್’ ತರಹದ ಅಂಟುಪದಕ್ಕೂ ಒಂದು ಹೆಸರು ಬೇಕು. ನಾನು ಸದ್ಯಕ್ಕೆ ‘ಬಾಲ’ ಅಂತ ಹೇಳಿಕೊಡುತ್ತಿದ್ದೇನೆ, ‘ಸರ್ವನಾಮ ಬಂದರೆ ಬಾಲ ಹಿಂದಕ್ಕೆ’ ಅಂತ. ಅವಳಿಗೆ ನೆನಪು ಉಳಿದಿದೆ.

ಇನ್ನೊಂದು. ನಮ್ಮ ಮನೆಯಲ್ಲಿ ‘ಅವನಿಗೆ ಬೈದರು’, ‘ಅವನನ್ನ ಬೈದರು’ ಎರಡೂ ಕೇಳಿಬರುತ್ತದೆ. ‘ನಾಯಿಗೆ ಹೊಡೆದ’, ‘ನಾಯಿನ ಹೊಡೆದ’ ಕೂಡ. ‘ಅಪ್ಪನ್ನ ಕೇಳು’ ಅನ್ನುವುದು ನಾವು, ‘ಅಪ್ಪನಿಗೆ ಕೇಳು’ ಅನ್ನುವುದು ನಮ್ಮ ಪಕ್ಕದ ಮನೆಯವರು. ಹಾಸನ, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯವರು ನಿಮ್ಮ ಮನೆಯಲ್ಲಿ ಯಾವುದು ಅಂತ ಬರೆಯಿರಿ. ಅಜ್ಜ ಅಜ್ಜಿಯರು ಇದ್ದರೆ ಅವರು ಹೇಗೆ ಅನ್ನುತ್ತಾರೆ ಅನ್ನುವುದನ್ನೂ ದಯವಿಟ್ಟು ಸೇರಿಸಿ.